ಜೈಲಿನೊಳಗಿನಿಂದ ಹೂಡುವ ದಾವೆ

'ಮಾಡಿದ್ದುಣ್ಣೋ ಮಹರಾಯ' ಎನ್ನುವುದು ನಮ್ಮ ಕಡೆ ಜೈಲಿನ ವಿಚಾರ ಬಂದಾಗ ಆಡುವ ಮೊದಲ ಮಾತು. ಬಹುಪಾಲು ಜನರಿಗೆ ಕೊನೆಯ ಮಾತೂ ಅದೇ. ಆದರೆ ಕಳೆದೆರಡು ವರ್ಷಗಳಲ್ಲಿ ಜೈಲಿನ ಸುದ್ದಿ ಹಾಸನ ಜಿಲ್ಲೆಯವರ ಮನೆಬಾಗಿಲಿಗೇ ಬಂದು ಕೂತಿದೆ. ಹಾಸನದ ಸಂಸದರಾಗಿದ್ದ ಪ್ರಜ್ವಲ್ ರೇವಣ್ಣ ಅವರಿಗೆ ಅತ್ಯಾಚಾರ ಪ್ರಕರಣದಲ್ಲಿ ಬೆಂಗಳೂರಿನ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯ 2025ರ ಆಗಸ್ಟ್ 2ರಂದು ಜೀವಾವಧಿ ಶಿಕ್ಷೆ ವಿಧಿಸಿತು. ಅವರಿಗೆ ಪರಪ್ಪನ ಅಗ್ರಹಾರದ ಜೈಲಿನ ಗ್ರಂಥಾಲಯದಲ್ಲಿ ಗುಮಾಸ್ತನ ಕೆಲಸ, ದಿನಕ್ಕೆ ಐನೂರು ರೂಪಾಯಿ ದಾಟಿದ ಕೂಲಿ ಎಂದು ಸುದ್ದಿ ಬಂದಾಗ ಹಳ್ಳಿಮೈಸೂರಿನ ಬಸ್‌ಸ್ಟ್ಯಾಂಡಿನಿಂದ ಚನ್ನರಾಯಪಟ್ಟಣದ ಟೀ ಅಂಗಡಿಯವರೆಗೆ ಕೇಳಿಬಂದ ಪ್ರಶ್ನೆ ಒಂದೇ: 'ಜೈಲಲ್ಲೂ ಸಂಬಳ ಕೊಡ್ತಾರಾ?'

ಅದಕ್ಕೂ ಒಂದು ವರ್ಷ ಮೊದಲು, 2024ರ ಜುಲೈನಲ್ಲಿ, ನಟ ದರ್ಶನ್ ಮನೆಯೂಟ, ಹಾಸಿಗೆ, ಪುಸ್ತಕ ಬೇಕೆಂದು ಹೈಕೋರ್ಟಿಗೆ ಅರ್ಜಿ ಹಾಕಿದ್ದರು. ಆಗ ಎದ್ದ ಪ್ರಶ್ನೆ ಇನ್ನೂ ಖಾರವಾಗಿತ್ತು. ಕೊಲೆ ಆರೋಪ ಹೊತ್ತು ಒಳಗೆ ಕೂತವರು ದಿಂಬಿಗಾಗಿ ಕೋರ್ಟಿಗೆ ಹೋಗಬಹುದೇ?

ಹೋಗಬಹುದು. ಕೇಳಿದ್ದು ಸಿಗುತ್ತದೆಯೇ ಎನ್ನುವುದು ಬೇರೆ ಮಾತು. ಮನೆಯೂಟದ ಆ ಕೋರಿಕೆ ಈಡೇರಲೂ ಇಲ್ಲ. ಆದರೆ ಅಂಥ ಅರ್ಜಿಯೇ ತಪ್ಪು ಎಂದುಕೊಳ್ಳುವವರು ಗಮನಿಸಬೇಕಾದ ಸಂಗತಿಯೊಂದಿದೆ. ಶಿಕ್ಷೆಯಾಗದ ಕೈದಿ ತನ್ನ ಖರ್ಚಿನಲ್ಲಿ ಊಟ, ಬಟ್ಟೆ, ಹಾಸಿಗೆ ತರಿಸಿಕೊಳ್ಳಬಹುದು ಎಂದು 1963ರ ಕರ್ನಾಟಕ ಕಾರಾಗೃಹ ಕಾಯ್ದೆಯೇ ಹೇಳುತ್ತದೆ. ತಪಾಸಣೆ ಇರುತ್ತದೆ, ನಿಯಮಗಳ ಕಟ್ಟುಪಾಡು ಇರುತ್ತದೆ, ಅಷ್ಟೇ. ಕಾಯ್ದೆಯಲ್ಲಿ ಒಂದು ಸಾಲು ಇದ್ದ ಮೇಲೆ ಅದರ ಅರ್ಥದ ಬಗ್ಗೆ ಜಗಳ ಹುಟ್ಟುತ್ತದೆ, ಜಗಳ ಹುಟ್ಟಿದರೆ ಅದನ್ನು ಬಗೆಹರಿಸುವ ಜಾಗ ಕೋರ್ಟು.

ಇಲ್ಲಿ ಎರಡು ವ್ಯಾಜ್ಯಗಳನ್ನು ಬೇರೆಬೇರೆ ಇಟ್ಟು ನೋಡಬೇಕು. ಅಪರಾಧ ಮಾಡಿದನೋ ಇಲ್ಲವೋ, ಜಾಮೀನು ಕೊಡಬೇಕೋ ಬೇಡವೋ ಎನ್ನುವುದು ಕ್ರಿಮಿನಲ್ ಕೇಸು. ಒಳಗಿಟ್ಟ ಮೇಲೆ ಅವನನ್ನು ಹೇಗೆ ಇಟ್ಟಿದ್ದೀರಿ ಎನ್ನುವುದು ಇನ್ನೊಂದು. ಹೊಡೆದರೇ, ಔಷಧಿ ಕೊಡಲಿಲ್ಲವೇ, ಮೂವತ್ತು ಜನರ ಕೋಣೆಗೆ ಅರವತ್ತು ಜನರನ್ನು ತುಂಬಿದರೇ, ಕೆಲಸ ಮಾಡಿಸಿಕೊಂಡು ಕೂಲಿ ಕೊಡಲಿಲ್ಲವೇ, ಬಿಡುಗಡೆಯ ಆದೇಶ ಬಂದ ಮೇಲೂ ಇಟ್ಟುಕೊಂಡರೇ? ಈ ಎರಡನೆಯದರಲ್ಲಿ ಕೈದಿ ಆರೋಪಿಯ ಜಾಗದಲ್ಲಿ ಇರುವುದಿಲ್ಲ. ಅವನೇ ಅರ್ಜಿದಾರ ಅಥವಾ ವಾದಿ, ಎದುರಿನ ಕಟಕಟೆಯಲ್ಲಿ ಸರ್ಕಾರ. ನಮ್ಮ ಜನಕ್ಕೆ ಅರಗದಿರುವುದು ಈ ಅದಲುಬದಲೇ.

ಈ ಕಥೆಯಲ್ಲಿ ಕರ್ನಾಟಕದ ಪಾಲು ದೊಡ್ಡದು, ಆದರೆ ಅದು ನಮ್ಮವರಿಗೇ ಅಷ್ಟಾಗಿ ಗೊತ್ತಿಲ್ಲ. 1984ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಕೇಂದ್ರ ಕಾರಾಗೃಹದಿಂದ ರಾಮಮೂರ್ತಿ ಎಂಬ ಕೈದಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಿಗೆ ಒಂದು ಕಾಗದ ಬರೆದರು. ಆಗ ಆ ಜೈಲು ಇದ್ದದ್ದು ಶೇಷಾದ್ರಿ ರಸ್ತೆಯಲ್ಲಿ. ಈಗ ಜನ ಧರಣಿ ಕೂರುವ ಫ್ರೀಡಂ ಪಾರ್ಕ್ ಇದೆಯಲ್ಲ, ಅದೇ ಜಾಗ. ಜೈಲಿನ ಬೇರೆಬೇರೆ ವಿಭಾಗಗಳಲ್ಲಿ ಕಷ್ಟಪಟ್ಟು ದುಡಿದರೂ ನ್ಯಾಯವಾಗಿ ಸಿಗಬೇಕಾದ ಕೂಲಿ ಸಿಗುತ್ತಿಲ್ಲ ಎನ್ನುವುದು ಅವರ ಮುಖ್ಯ ದೂರು. ವಕೀಲರಿಲ್ಲ, ಸ್ಟಾಂಪಿಲ್ಲ, ಪ್ರಮಾಣಪತ್ರವಿಲ್ಲ. ಸುಪ್ರೀಂ ಕೋರ್ಟು ಆ ಕಾಗದವನ್ನೇ ರಿಟ್ ಅರ್ಜಿ ಎಂದು ಪರಿಗಣಿಸಿ ದಾಖಲಿಸಿಕೊಂಡಿತು. ಬೆಂಗಳೂರಿನ ಜಿಲ್ಲಾ ನ್ಯಾಯಾಧೀಶರು ಜೈಲಿನೊಳಗೆ ಹೋಗಿ ನೋಡಿ ವರದಿ ಕೊಡಬೇಕಾಯಿತು.

ತೀರ್ಪು ಬಂದದ್ದು 1996ರ ಡಿಸೆಂಬರ್‌ನಲ್ಲಿ. ಲೆಕ್ಕ ಹಾಕಿದರೆ ಹನ್ನೆರಡೂವರೆ ವರ್ಷ. ಒಬ್ಬ ಕೈದಿಯ ಕೂಲಿಯಿಂದ ಶುರುವಾದ ಪ್ರಕರಣ ಅಷ್ಟರಲ್ಲಿ ಇಡೀ ದೇಶದ ಜೈಲುಗಳ ಕಥೆಯಾಗಿತ್ತು. ನ್ಯಾಯಮೂರ್ತಿ ಬಿ.ಎಲ್. ಹನ್ಸಾರಿಯಾ ಬರೆದ ತೀರ್ಪು ಒಂಬತ್ತು ರೋಗಗಳನ್ನು ಗುರುತಿಸಿತು: ಕಿಕ್ಕಿರಿದ ಕೋಣೆ, ಮುಗಿಯದ ವಿಚಾರಣೆ, ಹಿಂಸೆ, ಆರೋಗ್ಯ ಮತ್ತು ಶುಚಿತ್ವದ ಕಡೆಗಣನೆ, ಸಾಲದ ಊಟ-ಬಟ್ಟೆ, ಜೈಲಿನೊಳಗಿನ ದುಶ್ಚಟಗಳು, ಹೊರಗಿನವರೊಂದಿಗೆ ಸಂಪರ್ಕದ ಕೊರತೆ, ಭೇಟಿಯ ಅವ್ಯವಸ್ಥೆ, ಬಯಲು ಬಂದೀಖಾನೆಗಳ ನಿರ್ವಹಣೆ. 1894ರ ಕಾರಾಗೃಹ ಕಾಯ್ದೆ ಹಳತಾಯಿತು, ಹೊಸದು ಮಾಡಿ, ದೇಶಕ್ಕೆಲ್ಲ ಒಂದು ಮಾದರಿ ಕೈಪಿಡಿ ತನ್ನಿ ಎಂದಿತು. ಮಾದರಿ ಕೈಪಿಡಿಗಳು ನಿಧಾನವಾಗಿ ಬಂದವು. ಕೇಂದ್ರ ಸರ್ಕಾರ ಹೊಸ ಮಾದರಿ ಕಾಯ್ದೆಯ ಕರಡನ್ನು ರಾಜ್ಯಗಳಿಗೆ ಕಳಿಸಿದ್ದು 2023ರಲ್ಲಿ.

ಕೂಲಿಯ ಪ್ರಶ್ನೆಯನ್ನು ಇನ್ನೊಂದು ಪ್ರಕರಣದಲ್ಲಿ, 1998ರಲ್ಲಿ, ಸುಪ್ರೀಂ ಕೋರ್ಟು ನೇರವಾಗಿ ಕೈಗೆತ್ತಿಕೊಂಡಿತು. ಕಠಿಣ ಸಜೆಯ ಕೈದಿಯಿಂದ ಕೆಲಸ ಮಾಡಿಸಬಹುದು, ಆದರೆ ನ್ಯಾಯವಾದ ಕೂಲಿ ಕೊಡಬೇಕು, ಅದರಲ್ಲಿ ಒಂದು ಭಾಗವನ್ನು ಅಪರಾಧಕ್ಕೆ ಬಲಿಯಾದವರ ಪರಿಹಾರಕ್ಕೆ ತೆಗೆದಿಡಲು ಕಾನೂನು ಮಾಡಿ ಎಂದಿತು. ಇವತ್ತು ಪರಪ್ಪನ ಅಗ್ರಹಾರದಲ್ಲಿ ಯಾವ ಕೈದಿಗೇ ಆಗಲಿ ಐನೂರು ದಾಟಿದ ದಿನಗೂಲಿ ಸಿಗುತ್ತಿದ್ದರೆ ಅದು ಯಾರೋ ಮಂತ್ರಿಯ ಧಾರಾಳತನದಿಂದ ಬಂದದ್ದಲ್ಲ. ಅದರ ಹಿಂದೆ ರಾಮಮೂರ್ತಿಯವರಂಥ ಹೆಸರಿಲ್ಲದ ಕೈದಿಗಳು ಬರೆದ ಕಾಗದಗಳಿವೆ. ಅದರ ಫಲ ಮಾಜಿ ಸಂಸದನಿಗೂ ಸಿಗುತ್ತದೆ, ಜೇಬುಗಳ್ಳನಿಗೂ ಸಿಗುತ್ತದೆ. ಕಾನೂನು ಎಂದರೆ ಹಾಗೇ ಇರಬೇಕು.

ಕಾಗದವನ್ನೇ ಅರ್ಜಿ ಮಾಡಿಕೊಳ್ಳುವ ಈ ರೂಢಿ ಹೆಸರಾದದ್ದು ದೆಹಲಿಯ ತಿಹಾರ್ ಜೈಲಿನಿಂದ. ಗಲ್ಲು ಶಿಕ್ಷೆಗೆ ಒಳಗಾಗಿದ್ದ ಸುನಿಲ್ ಬಾತ್ರಾ ತನ್ನ ಪಕ್ಕದ ಇನ್ನೊಬ್ಬ ಕೈದಿಗೆ ವಾರ್ಡರ್ ಕೊಟ್ಟ ಚಿತ್ರಹಿಂಸೆಯ ಬಗ್ಗೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಿಗೆ ಬರೆದ. 1979ರ ಡಿಸೆಂಬರ್‌ನಲ್ಲಿ ಬಂದ ಆ ತೀರ್ಪು ಬರೆದವರು ವಿ.ಆರ್. ಕೃಷ್ಣ ಅಯ್ಯರ್. ಜೈಲೆಂದರೇನು ಎಂದು ಅವರಿಗೆ ಪುಸ್ತಕ ಓದಿ ತಿಳಿಯಬೇಕಾಗಿರಲಿಲ್ಲ. ವಕೀಲರಾಗಿದ್ದಾಗ, 1948ರಲ್ಲಿ, ಅವರೇ ಒಂದು ತಿಂಗಳು ಒಳಗಿದ್ದವರು. ಪ್ರತಿ ಜೈಲಿನಲ್ಲಿ ದೂರು ಪೆಟ್ಟಿಗೆ ಇರಬೇಕು, ಅದು ಜಿಲ್ಲಾಧಿಕಾರಿ ಮತ್ತು ಸೆಷನ್ಸ್ ನ್ಯಾಯಾಧೀಶರ ಉಸ್ತುವಾರಿಯಲ್ಲಿರಬೇಕು, ಎಲ್ಲ ಕೈದಿಗಳಿಗೂ ಕೈಗೆಟುಕುವಂತಿರಬೇಕು, ಆ ಅಧಿಕಾರಿಗಳು ಜೈಲಿಗೆ ಹೋಗಿ ಕೈದಿಗಳ ಅಹವಾಲು ಕೇಳಬೇಕು ಎಂದು ಆ ತೀರ್ಪಿನಲ್ಲಿ ಆದೇಶವಿದೆ. ಹಾಸನದ ಜಿಲ್ಲಾ ಕಾರಾಗೃಹಕ್ಕೂ ಅದು ಅನ್ವಯ. ಪೆಟ್ಟಿಗೆಯ ಬೀಗದ ಕೈ ಯಾರ ಸೊಂಟದಲ್ಲಿದೆ ಎನ್ನುವುದರ ಮೇಲೆ ಈ ಹಕ್ಕಿನ ಆಯಸ್ಸು ನಿಂತಿದೆ ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ.

ರಿಟ್ ಅರ್ಜಿಯ ಕೆಲಸ ತಡೆಯುವುದು, ಸರಿಪಡಿಸುವುದು. ಆಗಿಹೋದ ನಷ್ಟಕ್ಕೆ ದುಡ್ಡು ಕೇಳುವ ಹಳೆಯ ದಾರಿ ಸಿವಿಲ್ ದಾವೆ. ಕಾನೂನು ನಿಷೇಧಿಸದ ಯಾವ ಸಿವಿಲ್ ವ್ಯಾಜ್ಯವನ್ನೂ ಸಿವಿಲ್ ಕೋರ್ಟು ಕೇಳಬಹುದು ಎನ್ನುತ್ತದೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೇ ಕಲಂ. ಕೈದಿ ಹೂಡಬಾರದು ಎಂದು ಅದರಲ್ಲಿ ಎಲ್ಲೂ ಇಲ್ಲ. ಇಂಗ್ಲೆಂಡಿನಲ್ಲಿ ಒಂದು ಕಾಲದಲ್ಲಿ ಹಾಗಿತ್ತು. ಘೋರ ಅಪರಾಧಕ್ಕೆ ಸಜೆಯಾದವನು ಶಿಕ್ಷೆ ಮುಗಿಯುವ ತನಕ ದಾವೆ ಹೂಡುವಂತಿರಲಿಲ್ಲ. 1870ರ ಕಾಯ್ದೆಯಲ್ಲಿದ್ದ ಆ ನಿಷೇಧವನ್ನು ಅವರು ಕಿತ್ತುಹಾಕಿದ್ದು 1948ರಲ್ಲಿ. ನಮ್ಮಲ್ಲಿ ಅಂಥ ಕಟ್ಟಳೆ ಇಲ್ಲ. ಹೊಳೆನರಸೀಪುರದ ಒಬ್ಬ ರೈತ ಜೈಲಿನಲ್ಲಿದ್ದರೂ ಅವನ ಜಮೀನಿನ ಪಾಲಿನ ದಾವೆ ಇಲ್ಲಿ ನಡೆಯುತ್ತಲೇ ಇರುತ್ತದೆ. ಜೈಲಿನ ಮೇಲೇ ದಾವೆ ಹೂಡುವುದಕ್ಕೂ ಅದೇ ಕೋರ್ಟು, ಅದೇ ಸಂಹಿತೆ.

ಹಾಗೆ ಹೂಡಿ ಗೆದ್ದವರಿದ್ದಾರೆಯೇ? ಇದ್ದಾರೆ, ಪಕ್ಕದ ಆಂಧ್ರದಲ್ಲೇ. ಕರ್ನೂಲು ಜಿಲ್ಲೆಗೆ ಸೇರಿದ್ದ ಕೋಯಿಲಕುಂಟ್ಲದ ಸಬ್‌ಜೈಲಿನಲ್ಲಿ 1977ರಲ್ಲಿ ಒಬ್ಬ ತಂದೆ, ಒಬ್ಬ ಮಗ ಇದ್ದರು. ಊರಿನ ಪಕ್ಷಗಳ ದ್ವೇಷದಲ್ಲಿ ಕೇಸಾಗಿ ಒಳಗೆ ಬಂದವರು. ನಮ್ಮ ಜೀವಕ್ಕೆ ಅಪಾಯವಿದೆ, ಕಾವಲು ಹೆಚ್ಚಿಸಿ ಎಂದು ಮೊದಲೇ ಹೇಳಿದ್ದರು. ಮೇ ತಿಂಗಳ ಮೊದಲ ವಾರ ಒಂದು ರಾತ್ರಿ ಹೊರಗಿನವರು ಜೈಲಿಗೆ ನುಗ್ಗಿ ಅವರಿದ್ದ ಕೋಣೆಗೆ ಬಾಂಬ್ ಎಸೆದರು. ತಂದೆ ಸತ್ತರು, ಮಗ ಗಾಯಗೊಂಡು ಉಳಿದರು. ಆ ಮಗ, ಚಲ್ಲಾ ರಾಮಕೃಷ್ಣ ರೆಡ್ಡಿ, ಸರ್ಕಾರದ ಮೇಲೆ ಹತ್ತು ಲಕ್ಷ ರೂಪಾಯಿ ಪರಿಹಾರಕ್ಕೆ ದಾವೆ ಹೂಡಿದರು. ಮುಂದೆ ಅವರು ಶಾಸಕರೂ ಆದರು.

ಕೆಳಗಿನ ಕೋರ್ಟಿನಲ್ಲಿ ಸೋಲು. ಸರ್ಕಾರದ ವಾದ ಎರಡು. ಒಂದು, ಒಂದು ವರ್ಷದ ಕಾಲಮಿತಿ ಮೀರಿದೆ. ಇನ್ನೊಂದು, ಜೈಲು ನಡೆಸುವುದು ರಾಜ್ಯದ ಸಾರ್ವಭೌಮ ಕೆಲಸ, ಅದರಲ್ಲಿ ತಪ್ಪಾದರೂ ಸರ್ಕಾರ ದುಡ್ಡು ಕೊಡಬೇಕಿಲ್ಲ. ಈ ಎರಡನೆಯ ವಾದ ಗಾಳಿಯಲ್ಲಿ ಹುಟ್ಟಿದ್ದಲ್ಲ. ಉತ್ತರ ಪ್ರದೇಶದ ಮೀರತ್‌ನಲ್ಲಿ 1947ರಲ್ಲಿ ಪೊಲೀಸರು ಒಬ್ಬ ವ್ಯಾಪಾರಿಯ ಚಿನ್ನ ಜಪ್ತಿ ಮಾಡಿ ಠಾಣೆಯಲ್ಲಿಟ್ಟಿದ್ದರು. ಠಾಣೆಯ ಹೆಡ್ ಕಾನ್‌ಸ್ಟೆಬಲ್ಲೇ ಅದನ್ನು ಹೊಡೆದುಕೊಂಡು ಪಾಕಿಸ್ತಾನಕ್ಕೆ ಪರಾರಿಯಾದ. ಆ ಕಸ್ತೂರಿ ಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1964ರಲ್ಲಿ ಇದೇ ಸಾರ್ವಭೌಮತ್ವದ ಹೆಸರಿನಲ್ಲಿ ವ್ಯಾಪಾರಿಯನ್ನು ಬರಿಗೈಯಲ್ಲಿ ಕಳಿಸಿತ್ತು. ಕೋಯಿಲಕುಂಟ್ಲದ ವಿಷಯದಲ್ಲಿ ಮಾತ್ರ ಆಂಧ್ರ ಹೈಕೋರ್ಟು ಒಪ್ಪಲಿಲ್ಲ. 1,44,000 ರೂಪಾಯಿ ಮತ್ತು ಬಡ್ಡಿಗೆ ಡಿಕ್ರಿ ಕೊಟ್ಟಿತು. ಸರ್ಕಾರ ಮೇಲ್ಮನವಿ ಹೋಯಿತು. 2000ದ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಆ ಡಿಕ್ರಿಯನ್ನೇ ಎತ್ತಿಹಿಡಿಯಿತು. ಬದುಕುವ ಹಕ್ಕು ಮೂಲಭೂತ, ಕೈದಿಗೂ ಅದು ಇದೆ, ಅದರ ಎದುರು ಸಾರ್ವಭೌಮತ್ವದ ನೆಪ ನಡೆಯುವುದಿಲ್ಲ ಎಂದಿತು. ಕಾಪಾಡಬೇಕಾದವರು ಕೈಕಟ್ಟಿ ಕೂತದ್ದು ಯಾವ ಕಾಯ್ದೆಯನ್ನು ಪಾಲಿಸುವ ಕೆಲಸವೂ ಅಲ್ಲ, ಆದ್ದರಿಂದ ಆ ಒಂದು ವರ್ಷದ ಕಾಲಮಿತಿ ಇಲ್ಲಿ ಹಿಡಿಯುವುದಿಲ್ಲ ಎಂದೂ ಹೇಳಿತು. ಕಾನೂನಿನ ದೃಷ್ಟಿಯಿಂದ ದೊಡ್ಡ ಗೆಲುವು. ಬಾಂಬ್ ಬಿದ್ದ ರಾತ್ರಿಯಿಂದ ಈ ತೀರ್ಪಿಗೆ ಇಪ್ಪತ್ತಮೂರು ವರ್ಷ.

ಇದಕ್ಕಿಂತ ಬೇಗ ಮುಗಿಯುವ ದಾರಿಯೊಂದನ್ನು ಸುಪ್ರೀಂ ಕೋರ್ಟು 1983ರಲ್ಲಿ ತೆರೆದಿತ್ತು. ಬಿಹಾರದ ರುದುಲ್ ಸಾಹ 1968ರ ಜೂನ್‌ನಲ್ಲಿ ಖುಲಾಸೆಯಾದರು. ಜೈಲಿನಿಂದ ಹೊರಬಂದದ್ದು 1982ರ ಅಕ್ಟೋಬರ್‌ನಲ್ಲಿ. ನಿರಪರಾಧಿ ಎಂದು ಕೋರ್ಟು ಹೇಳಿದ ಮೇಲೆ ಹದಿನಾಲ್ಕು ವರ್ಷ ಒಳಗೆ. ದುಡ್ಡು ಬೇಕಾದರೆ ಸಿವಿಲ್ ದಾವೆ ಹೂಡಲಿ ಎಂದು ಕೈತೊಳೆದುಕೊಳ್ಳುವುದು ಸುಲಭವಿತ್ತು. ನ್ಯಾಯಾಲಯ ಹಾಗೆ ಮಾಡಲಿಲ್ಲ. ರಿಟ್ ಅರ್ಜಿಯಲ್ಲೇ 30,000 ರೂಪಾಯಿ ಮಧ್ಯಂತರ ಪರಿಹಾರ ಕೊಡಿಸಿತು, ಹೆಚ್ಚಿನದಕ್ಕೆ ದಾವೆ ಹೂಡುವ ಹಕ್ಕು ಹಾಗೇ ಇದೆ ಎಂದಿತು. ಅಲ್ಲಿಂದ ಮುಂದೆ, 1993ರ ನೀಲಾಬತಿ ಬೆಹೆರಾ ಪ್ರಕರಣದ ಹೊತ್ತಿಗೆ, ಕಸ್ಟಡಿಯಲ್ಲಿ ಸತ್ತವರ ಮನೆಯವರಿಗೆ ರಿಟ್ ಅರ್ಜಿಯಲ್ಲೇ ಪರಿಹಾರ ಕೊಡುವುದು ಗಟ್ಟಿಯಾಗಿ ನೆಲೆಯೂರಿತು. 2013ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಆರ್.ಸಿ. ಲಹೋಟಿ ದೇಶದ 1382 ಜೈಲುಗಳ ಸ್ಥಿತಿಯ ಬಗ್ಗೆ ಬರೆದ ಪತ್ರವನ್ನೂ ಸುಪ್ರೀಂ ಕೋರ್ಟು ಅರ್ಜಿ ಮಾಡಿಕೊಂಡಿತು. ಜೈಲುಗಳಲ್ಲಿ 2012ರಿಂದ 2015ರವರೆಗೆ ಅಸಹಜವಾಗಿ ಸತ್ತವರ ಕುಟುಂಬಗಳನ್ನು ಹುಡುಕಿ ಪರಿಹಾರ ಕೊಡಿಸಲು ಸ್ವಯಂಪ್ರೇರಿತ ಪ್ರಕರಣ ದಾಖಲಿಸಿಕೊಳ್ಳಿ ಎಂದು 2017ರ ಸೆಪ್ಟೆಂಬರ್‌ನಲ್ಲಿ ಎಲ್ಲ ಹೈಕೋರ್ಟುಗಳಿಗೆ ಹೇಳಿತು.

ಹಾಗಿದ್ದರೆ ಸಿವಿಲ್ ದಾವೆ ಯಾಕೆ ಬೇಕು ಎಂದು ಕೇಳಬಹುದು. ರಿಟ್ ಅರ್ಜಿಯಲ್ಲಿ ಸಾಕ್ಷಿಗಳ ಪಾಟೀಸವಾಲು ಸಾಮಾನ್ಯವಾಗಿ ನಡೆಯುವುದಿಲ್ಲ. ಹೊಡೆದರು ಎಂದು ಕೈದಿ, ಇಲ್ಲ ಬಚ್ಚಲಲ್ಲಿ ಜಾರಿ ಬಿದ್ದ ಎಂದು ಜೈಲು. ಸಂಗತಿಗಳೇ ತಕರಾರಿನಲ್ಲಿದ್ದರೆ ಸಿವಿಲ್ ಕೋರ್ಟಿಗೆ ಹೋಗು ಎಂದು ಹೈಕೋರ್ಟು ಕಳಿಸುತ್ತದೆ. ಪೂರ್ತಿ ನಷ್ಟ ಲೆಕ್ಕ ಹಾಕಿ ವಸೂಲು ಮಾಡುವುದೂ ಅಲ್ಲೇ. ಆ ಬಾಗಿಲಿಗೆ ಹೋದ ಕೈದಿಗೆ ಎದುರಾಗುವ ತೊಡಕುಗಳನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಹಕ್ಕು ಸಾಯುವುದು ಇಂಥ ಪುಡಿ ವಿವರಗಳಲ್ಲೇ.

ಮೊದಲು ನೋಟಿಸ್. ಸರ್ಕಾರದ ಮೇಲೆ ದಾವೆ ಹೂಡುವ ಮುನ್ನ ಸಂಹಿತೆಯ 80ನೇ ಕಲಮಿನಂತೆ ಸರ್ಕಾರದ ಕಾರ್ಯದರ್ಶಿಗೋ ಜಿಲ್ಲಾಧಿಕಾರಿಗೋ ಲಿಖಿತ ನೋಟಿಸ್ ಕೊಟ್ಟು ಎರಡು ತಿಂಗಳು ಕಾಯಬೇಕು. ತುರ್ತಿದ್ದರೆ ಕೋರ್ಟಿನ ಅನುಮತಿ ಪಡೆದು ಮೊದಲೇ ಹೂಡಬಹುದು. ಹಾಸನದ ಜೈಲಿನಲ್ಲಿರುವವನು ಈ ನೋಟಿಸ್ ಬರೆಯಬೇಕಾದದ್ದು ಯಾರ ಮೇಲೆ ದೂರೋ ಅವರ ಕಾವಲಿನಲ್ಲೇ ಕೂತು. ಸಾಮಾನ್ಯವಾಗಿ ಅದು ಹೊರಗೆ ಹೋಗುವುದೂ ಅವರ ಕೈದಾಟಿಯೇ.

ನಂತರ ಕಾಲಮಿತಿ. ಅಕ್ರಮ ಬಂಧನಕ್ಕೆ ಪರಿಹಾರ ಕೇಳಲು 1963ರ ಕಾಲಮಿತಿ ಕಾಯ್ದೆ ಕೊಡುವುದು ಬಂಧನ ಮುಗಿದ ಮೇಲೆ ಒಂದೇ ಒಂದು ವರ್ಷ. ಕಾಯ್ದೆಯೊಂದನ್ನು ಪಾಲಿಸುವ ಹೆಸರಿನಲ್ಲಿ ಅಧಿಕಾರಿ ಮಾಡಿದ ತಪ್ಪಿಗೂ ಒಂದೇ ವರ್ಷ. ಅಪ್ರಾಪ್ತರಿಗೆ, ಬುದ್ಧಿ ಸ್ಥಿಮಿತದಲ್ಲಿ ಇಲ್ಲದವರಿಗೆ ಈ ಕಾಯ್ದೆ ಅವಧಿಯಲ್ಲಿ ರಿಯಾಯಿತಿ ಕೊಡುತ್ತದೆ. ಜೈಲಿನಲ್ಲಿದ್ದವನಿಗೆ ಆ ರಿಯಾಯಿತಿ ಇಲ್ಲ. ಒಳಗೆ ಹೊಡೆತ ತಿಂದವನ ಗಡಿಯಾರವೂ ಹೊರಗಿನವನ ಗಡಿಯಾರದಂತೆಯೇ ಓಡುತ್ತಿರುತ್ತದೆ. ಇದು ಅನ್ಯಾಯ ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಶಾಸಕಾಂಗ ಒಂದು ಸಾಲು ಸೇರಿಸಿದರೆ ಸರಿಹೋಗುವ ಅನ್ಯಾಯ.

ಆಮೇಲೆ ಸಾಕ್ಷಿ. ವಾದಿಯೇ ಬಂದು ಕಟಕಟೆಯಲ್ಲಿ ನಿಂತು ಹೇಳಬೇಕಲ್ಲ? ಕೈದಿಯನ್ನು ಸಾಕ್ಷಿಗಾಗಿ ಸಿವಿಲ್ ಕೋರ್ಟಿಗೆ ಕರೆತರುವ ಬಗ್ಗೆ ಸಂಹಿತೆಯಲ್ಲಿ 16-ಎ ಎಂಬ ಆದೇಶವಿದೆ. ಜೈಲಿನಿಂದ ಕೋರ್ಟು 25 ಕಿಲೋಮೀಟರ್‌ಗಿಂತ ದೂರವಿದ್ದರೆ, ಕಮಿಷನ್ ಕಳಿಸಿ ಜೈಲಿನಲ್ಲೇ ಹೇಳಿಕೆ ಪಡೆದರೆ ಸಾಲದು ಎಂದು ನ್ಯಾಯಾಧೀಶರಿಗೆ ಮನವರಿಕೆಯಾಗದ ಹೊರತು ಕರೆಸುವಂತಿಲ್ಲ. ಹಾಸನದ ಜೈಲಿನಿಂದ ಹೊಳೆನರಸೀಪುರದ ಕೋರ್ಟು ಅದಕ್ಕಿಂತ ದೂರ, ಅರಕಲಗೂಡು, ಚನ್ನರಾಯಪಟ್ಟಣವೂ ಅಷ್ಟೇ. ಕರೆಸಿದರೂ ಬೆಂಗಾವಲಿನ ಖರ್ಚನ್ನು ಕೇಳಿದವರೇ ಕೋರ್ಟಿಗೆ ಕಟ್ಟಬೇಕು. ಜೊತೆಗಿದ್ದ ಇನ್ನೊಬ್ಬ ಕೈದಿ ಸಾಕ್ಷಿ ಹೇಳಲು ಒಪ್ಪುತ್ತಾನೆಯೇ? ಸಂಜೆ ಅವನು ವಾಪಸು ಹೋಗಬೇಕಾದದ್ದು ಅದೇ ವಾರ್ಡರ್ ಇರುವ ಬ್ಯಾರಕ್ಕಿಗೆ.

ದುಡ್ಡಿನ ತೊಡಕು ಮಾತ್ರ ಜನ ತಿಳಿದಷ್ಟು ದೊಡ್ಡದಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಲ್ಲಿ ಉಚಿತ ನೆರವಿಗೆ ಅರ್ಹರಾದವರ ಪಟ್ಟಿ ಇದೆ. ಬಂಧನದಲ್ಲಿರುವ ವ್ಯಕ್ತಿ ಅದರಲ್ಲಿ ಇದ್ದಾನೆ, ಅವನಿಗೆ ಆದಾಯದ ಮಿತಿ ಇಲ್ಲ. ಆ ಕಲಂ ಶುರುವಾಗುವುದೇ ಪ್ರಕರಣ ಹೂಡಬೇಕಾದ ಅಥವಾ ಎದುರಿಸಬೇಕಾದ ಪ್ರತಿಯೊಬ್ಬರೂ ಎಂದು. ಜೈಲಿಗೆ ಬರುವ ಪ್ಯಾನೆಲ್ ವಕೀಲರೆಂದರೆ ಜಾಮೀನಿಗೆ ಮಾತ್ರ ಎಂದು ಕೈದಿಗಳೂ, ಎಷ್ಟೋ ಸಲ ವಕೀಲರೂ ತಿಳಿದುಕೊಂಡಿದ್ದಾರೆ. ಜೈಲಿನಲ್ಲಿ ಕಾಲು ಮುರಿದದ್ದಕ್ಕೆ ಪರಿಹಾರದ ದಾವೆಗೂ ಅದೇ ವಕೀಲರನ್ನು ಕೇಳುವ ಹಕ್ಕಿದೆ. ಕೋರ್ಟು ಫೀ ಕಟ್ಟಲಾಗದವರು ನಿರ್ಗತಿಕರಾಗಿ ದಾವೆ ಹೂಡಲು ಸಂಹಿತೆಯ 33ನೇ ಆದೇಶ ಬೇರೆ ಇದೆ.

ಒಳಗಿದ್ದವರು ಕೋರ್ಟಿಗೆ ಹೋಗುವ ಹಕ್ಕನ್ನು ಪೂರ್ತಿ ಕಿತ್ತುಕೊಂಡರೆ ಏನಾಗುತ್ತದೆ ಎಂದು ಊಹಿಸಬೇಕಿಲ್ಲ, ಒಮ್ಮೆ ನೋಡಿಯಾಗಿದೆ. 1975ರ ತುರ್ತುಪರಿಸ್ಥಿತಿಯಲ್ಲಿ ಅದೇ ಶೇಷಾದ್ರಿ ರಸ್ತೆಯ ಜೈಲಿನಲ್ಲಿ ಅಡ್ವಾಣಿ, ವಾಜಪೇಯಿ, ಮಧು ದಂಡವತೆ ಇದ್ದರು. ನಮ್ಮ ಹರದನಹಳ್ಳಿಯ ದೇವೇಗೌಡರೂ ಅಲ್ಲೇ ಇದ್ದರು. ಬಂಧನವನ್ನು ಪ್ರಶ್ನಿಸಬಹುದು ಎಂದು ಕರ್ನಾಟಕವೂ ಸೇರಿದಂತೆ ಹಲವು ಹೈಕೋರ್ಟುಗಳು ಹೇಳಿದವು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು ನಾಲ್ಕು-ಒಂದರ ಬಹುಮತದಿಂದ ಅದನ್ನು ಅಳಿಸಿತು. ಬಾಗಿಲು ಮುಚ್ಚಿತು. ಅದೇ ಜೈಲಿಗೆ 1976ರ ಮೇ ತಿಂಗಳಲ್ಲಿ ತಂದ ನಟಿ ಸ್ನೇಹಲತಾ ರೆಡ್ಡಿಯವರಿಗೆ ವಿಪರೀತ ಆಸ್ತಮಾ. ಒಳಗೆ ತಕ್ಕ ಚಿಕಿತ್ಸೆ ಸಿಗಲಿಲ್ಲ. ರಾತ್ರಿ ಅವರು ನರಳಿ ಕೂಗುತ್ತಿದ್ದದ್ದು ತಮಗೆ ಕೇಳಿಸುತ್ತಿತ್ತೆಂದು ದಂಡವತೆ ಮುಂದೆ ಬರೆದರು. 1977ರ ಜನವರಿ 15ರಂದು ಪೆರೋಲಿನ ಮೇಲೆ ಬಿಟ್ಟರು, 20ರಂದು ಅವರು ತೀರಿಕೊಂಡರು. ಅವರ ಮೇಲಿನ ಯಾವ ಆರೋಪವೂ ಸಾಬೀತಾಗಿರಲಿಲ್ಲ. ಬದುಕುವ ಹಕ್ಕನ್ನು ತುರ್ತುಪರಿಸ್ಥಿತಿಯಲ್ಲೂ ಅಮಾನತು ಮಾಡುವಂತಿಲ್ಲ ಎಂದು 44ನೇ ತಿದ್ದುಪಡಿ ಬಂತು. ಆ 1976ರ ತೀರ್ಪನ್ನು ಸುಪ್ರೀಂ ಕೋರ್ಟು ಬಾಯಿಬಿಟ್ಟು ತಳ್ಳಿಹಾಕಿದ್ದು 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಖಾಸಗಿತನದ ಮೊಕದ್ದಮೆಯಲ್ಲಿ.

ಹೀಗೆ ಬಾಗಿಲು ತೆರೆದರೆ ಕೈದಿಗಳು ದಿಂಬು, ಚಾಪೆಗೆಲ್ಲ ಅರ್ಜಿ ಹಾಕಿ ಕೋರ್ಟಿನ ಹೊತ್ತು ಹಾಳುಮಾಡುತ್ತಾರೆ ಎನ್ನುವವರಿದ್ದಾರೆ. ಅಮೆರಿಕ ಇದೇ ಮಾತು ಹೇಳಿ 1996ರ ಏಪ್ರಿಲ್‌ನಲ್ಲಿ ಕೈದಿಗಳ ದಾವೆಗಳಿಗೆ ಲಗಾಮು ಹಾಕುವ ಕಾಯ್ದೆ ತಂದಿತು. ಮೊದಲು ಜೈಲಿನೊಳಗಿನ ದೂರು ವ್ಯವಸ್ಥೆಯನ್ನು ಮುಗಿಸಿ ಬರಬೇಕು, ಮೈಗೆ ಗಾಯವಾಗದೆ ಬರೀ ಮನಸ್ಸಿನ ನೋವಿಗೆ ಪರಿಹಾರವಿಲ್ಲ, ಮೂರು ಸಲ ಹುರುಳಿಲ್ಲದ ದಾವೆ ಹೂಡಿದವನಿಗೆ ಶುಲ್ಕದ ಅನುಕೂಲವಿಲ್ಲ, ಹೀಗೆ. ಅದಕ್ಕೆ ಮುನ್ನ ಅಲ್ಲಿ ಎಲ್ಲರ ಬಾಯಲ್ಲಿದ್ದ ಉದಾಹರಣೆ ಎಂದರೆ ಪೀನಟ್ ಬಟರ್ ದಾವೆ. ತರಿತರಿಯಾದದ್ದು ಕೇಳಿದರೆ ನುಣ್ಣಗಿನದು ಕೊಟ್ಟರೆಂದು ಕೈದಿಯೊಬ್ಬ ಕೋರ್ಟಿಗೆ ಹೋದ ಎಂದು ಜನ ನಕ್ಕಿದ್ದೇ ನಕ್ಕಿದ್ದು. ನ್ಯೂಮನ್ ಎಂಬ ನ್ಯಾಯಾಧೀಶರು ಕಡತ ತೆಗೆದು ನೋಡಿದರು. ಜೈಲಿನ ಕ್ಯಾಂಟೀನು ತಪ್ಪು ಡಬ್ಬ ಕೊಟ್ಟಿತ್ತು, ಕೈದಿ ಹಿಂದಿರುಗಿಸಿದ್ದ, ಅಷ್ಟರಲ್ಲಿ ಅವನನ್ನು ಬೇರೆ ಜೈಲಿಗೆ ಹಾಕಿದರು, ಅವನ ಖಾತೆಯಿಂದ ಎರಡೂವರೆ ಡಾಲರ್ ಮಾತ್ರ ಮುರಿದುಕೊಂಡಿದ್ದರು. ಅವನು ಕೇಳಿದ್ದು ತನ್ನ ದುಡ್ಡು. ರಾಮಮೂರ್ತಿ ಕೇಳಿದ್ದೂ ಅದನ್ನೇ. ಅಮೆರಿಕದ ಕಾಯ್ದೆಗೆ ಅಂಕಿತ ಬಿದ್ದ ವರ್ಷವೇ ನಮ್ಮಲ್ಲಿ ರಾಮಮೂರ್ತಿ ತೀರ್ಪು ಬಂತು ಎನ್ನುವುದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ.

ಇನ್ನು ಗಣ್ಯರ ಮಾತು. ದುಡ್ಡಿದ್ದವರಿಗೆ ಜೈಲಿನಲ್ಲಿ ಸವಲತ್ತು ಪಡೆಯಲು ಕೋರ್ಟು ಬೇಕಾಗಿಯೇ ಇಲ್ಲ. ಪರಪ್ಪನ ಅಗ್ರಹಾರದಲ್ಲಿ ತಮಿಳುನಾಡಿನ ರಾಜಕಾರಣಿ ಶಶಿಕಲಾ ಅವರಿಗೆ ವಿಶೇಷ ಸೌಲಭ್ಯ ಸಿಗುತ್ತಿದೆ ಎಂದು 2017ರಲ್ಲಿ ಡಿಐಜಿ ಡಿ. ರೂಪಾ ವರದಿ ಕೊಟ್ಟದ್ದು, 2024ರ ಆಗಸ್ಟ್‌ನಲ್ಲಿ ಜೈಲಿನ ಹುಲ್ಲುಹಾಸಿನ ಮೇಲೆ ಕುರ್ಚಿ ಹಾಕಿ ಸಿಗರೇಟು ಹಿಡಿದು ಕೂತ ದರ್ಶನ್ ಚಿತ್ರ ಹೊರಬಿದ್ದದ್ದು ನೆನಪಿರಬೇಕು. ಯಾವ ನ್ಯಾಯಾಧೀಶರೂ ಆ ಕುರ್ಚಿಗೆ ಆದೇಶ ಕೊಟ್ಟಿರಲಿಲ್ಲ. ಕದ್ದು ಪಡೆಯುವ ಕುರ್ಚಿಗೂ ಅರ್ಜಿ ಹಾಕಿ ಕೇಳುವ ದಿಂಬಿಗೂ ಇರುವ ವ್ಯತ್ಯಾಸ ಸಣ್ಣದಲ್ಲ. ಅರ್ಜಿಗೆ ಜೈಲು ಉತ್ತರ ಕೊಡಬೇಕು, ಉತ್ತರ ದಾಖಲೆಯಾಗುತ್ತದೆ, ಮರುದಿನ ಹೆಸರಿಲ್ಲದ ಇನ್ನೊಬ್ಬ ಕೈದಿ ಅದೇ ಆದೇಶದ ಪ್ರತಿ ಹಿಡಿದು ನನಗೂ ಕೊಡಿ ಎನ್ನಬಹುದು. ದೊಡ್ಡವರು ಜೈಲಿನ ಸ್ಥಿತಿಯ ಬಗ್ಗೆ ಕೋರ್ಟಿಗೆ ಹೋದಷ್ಟೂ ಒಳ್ಳೆಯದೆಂದು ನನ್ನ ಎಣಿಕೆ.

ಒಳಗಿರುವವರು ಯಾರು ಎನ್ನುವುದನ್ನೂ ಮರೆಯಬಾರದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ಅಂಕಿಅಂಶದಂತೆ ದೇಶದ ಜೈಲುಗಳಲ್ಲಿದ್ದವರು 5,73,220 ಜನ. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು. ನಾಲ್ವರಲ್ಲಿ ಮೂವರ ಮೇಲೆ ಇನ್ನೂ ತೀರ್ಪೇ ಬಂದಿಲ್ಲ. 100 ಜನಕ್ಕೆ ಕಟ್ಟಿದ ಜಾಗದಲ್ಲಿ 131 ಜನ. 'ಮಾಡಿದ್ದುಣ್ಣೋ' ಎಂದು ಹೇಳಲು ಮೊದಲು ಮಾಡಿದ್ದೇನು ಎಂದಾದರೂ ಗೊತ್ತಿರಬೇಕಲ್ಲ.

ನಿಮ್ಮ ಮನೆಯವರೋ ಊರಿನವರೋ ಒಳಗಿದ್ದು ಅಲ್ಲಿ ಅವರಿಗೆ ತೊಂದರೆಯಾಗಿದ್ದರೆ ಹೀಗೆ ಮಾಡಿ. ಭೇಟಿಗೆ ಹೋದಾಗ ಏನಾಯಿತು, ಯಾವ ದಿನ, ಯಾರಿದ್ದರು ಎಂದು ಕೇಳಿ ಮನೆಗೆ ಬಂದ ಕೂಡಲೇ ತಾರೀಖು ಹಾಕಿ ಬರೆದಿಡಿ. ಗಾಯವಿದ್ದರೆ ಮುಂದಿನ ವಾಯಿದೆಯ ದಿನ ಕೋರ್ಟಿನಲ್ಲೋ ವಿಡಿಯೋದಲ್ಲೋ ನ್ಯಾಯಾಧೀಶರ ಮುಂದೆ ಬಾಯಿಬಿಟ್ಟು ಹೇಳಲು ತಿಳಿಸಿ, ಅದನ್ನು ದಾಖಲಿಸಿಕೊಳ್ಳಬೇಕೆಂದು ವಕೀಲರು ಕೇಳಲಿ. ಹಾಸನದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ, ಇಲ್ಲವೇ ನಿಮ್ಮ ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವೆಗಳ ಸಮಿತಿಗೆ ಬಿಳಿ ಹಾಳೆಯ ಮೇಲೆ ಕನ್ನಡದಲ್ಲೇ ಅರ್ಜಿ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ದೂರದಲ್ಲಿದ್ದರೆ 15100ಕ್ಕೆ ಕರೆ ಮಾಡಿ, ಅದಕ್ಕೆ ದುಡ್ಡು ಬೀಳುವುದಿಲ್ಲ. ಮಾನವ ಹಕ್ಕುಗಳ ಆಯೋಗಕ್ಕೆ ಹೋಗುವುದಾದರೂ ಘಟನೆ ನಡೆದ ಒಂದು ವರ್ಷದೊಳಗೆ ಹೋಗಬೇಕು, ಆಮೇಲೆ ಅವರು ವಿಚಾರಣೆಗೆ ತೆಗೆದುಕೊಳ್ಳುವುದಿಲ್ಲ. ಪರಿಹಾರದ ದಾವೆಯ ಯೋಚನೆಯಿದ್ದರೆ ಬಿಡುಗಡೆಯಾಗಲಿ ನೋಡೋಣ ಎಂದು ಕಾಯಬೇಡಿ. 80ನೇ ಕಲಮಿನ ನೋಟಿಸ್ ಈಗಲೇ ಕಳಿಸಿ.